ಆಣೆ ಇಲ್ಲದ ಸುಳ್ಳು

ಇದನ್ನು ಬರೆಯುವುದನ್ನು ನಾನು ಬಹಳ ಕಾಲದಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಮೊದಲು ಕಣ್ಣಿನ ಪೊರೆಯ ನೆವ ಹೇಳಿದೆ. ಆಪರೇಷನ್ ಆಗಿ ಅಕ್ಷರ ಸ್ಪಷ್ಟವಾಗಿ ಕಂಡಾಗ ಕೈ ನಡುಗುತ್ತದೆ ಎಂದೆ. ನಿಜವಾದ ಕಾರಣ ಬೇರೆ. ಈ ಕಥೆಯನ್ನು ನಾನು ಈಗಾಗಲೇ ಅನೇಕ ಸಲ ಹೇಳಿದ್ದೇನೆ. ಬೀದರಿನ ನಮ್ಮ ಚರ್ಚಿನಲ್ಲಿ, ಭಾಲ್ಕಿಯಲ್ಲಿ, ಔರಾದ್ ಕಡೆಯ ಮನೆಪ್ರಾರ್ಥನೆಗಳಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ದೇನೆ. ಕೇಳಿದವರು ಕಣ್ಣೊರೆಸಿಕೊಂಡು ‘ಸ್ತೋತ್ರ’ ಎಂದಿದ್ದಾರೆ. ಆದರೆ ಹಾಗೆ ಹೇಳುವಾಗಲೆಲ್ಲ ಒಬ್ಬರನ್ನು ಬಿಟ್ಟೇ ಹೇಳಿದೆ. ನಾನು ಕ್ಷಮೆ ಕೇಳಬೇಕಾದದ್ದು ಅವರ ಮುಂದೆ. ಅವರಿನ್ನೂ ಬದುಕಿದ್ದಾರೆ, ನಾನೂ ಬದುಕಿದ್ದೇನೆ. ಇಬ್ಬರಲ್ಲಿ ಒಬ್ಬರು ಹೋಗುವ ಮೊದಲು ಆ ಕೆಲಸ ಆಗಬೇಕು.

ನಾನು ಹುಟ್ಟಿದ್ದು ಭಾಲ್ಕಿಯಲ್ಲಿ. ನಮ್ಮ ಅಜ್ಜನ ಕಾಲಕ್ಕೇ ನಮ್ಮ ಮನೆಯವರು ಕ್ರೈಸ್ತರಾಗಿದ್ದರು. ಮ್ಯಾಟ್ರಿಕ್ ಮುಗಿಸಿ ಬಸ್ ಡ್ರೈವರ್ ಆದೆ, ಬೀದರಿನಲ್ಲಿ ಮನೆ ಮಾಡಿದೆ. ಬೀದರ್, ಭಾಲ್ಕಿ, ಔರಾದ್ ನಡುವಿನ ರಸ್ತೆಗಳ ಪ್ರತಿ ತಿರುವು ನನಗೆ ಗೊತ್ತು. ಬಗದಲ್ ಕಡೆಯ ಕೆಂಪು ಮಣ್ಣು ಎಲ್ಲಿ ಮುಗಿಯುತ್ತದೆ, ಔರಾದಿನ ಕರಿ ಮಣ್ಣು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಟೈರಿಗೆ ಹತ್ತಿದ ಕೆಸರು ನೋಡಿಯೇ ಹೇಳುತ್ತಿದ್ದೆ. ಕುಡಿತವೂ ಅದೇ ರಸ್ತೆಗಳಲ್ಲಿ ಹತ್ತಿತು. ಔರಾದಿನಲ್ಲಿ ಬಸ್ ನಿಲ್ಲಿಸಿದಾಗ ಈಚಲ ಮರಗಳ ಕಡೆ ಹೋಗಿ ಸೇಂದಿ ಕುಡಿದು ಬರುತ್ತಿದ್ದೆ. ನನ್ನ ಜೊತೆ ಬಹಳ ವರ್ಷ ಕಂಡಕ್ಟರ್ ಆಗಿದ್ದವನು ಬೀದರಿನ ಹಳೆ ಓಣಿಯ ಮುಸಲ್ಮಾನ. ನಮಾಜು ತಪ್ಪಿಸದವನು, ನಗಿಸುವುದನ್ನೂ ತಪ್ಪಿಸದವನು.

“ಮಾಮು, ಬಾಯಿ ಮುಚ್ಕೊಂಡು ಗಾಡಿ ಓಡಸ್ರಿ,” ಎನ್ನುತ್ತಿದ್ದ. “ನಿಮ್ಮ ವಾಸನಿ ಹಿಂದಿನ ಸೀಟಿನ ತನ ಬರ್ಲತದ. ಟಿಕೆಟ್ ಇಲ್ದೇ ಮಂದಿಗಿ ನಿಶಾ ಏರ್ಲತದ.”

ಈ ಕಥೆ ನಡೆದ ದಿನವೂ ನಾನು ಕುಡಿದಿದ್ದೆ, ಅವನು ಹಾಗೇ ಅಂದ. ನಾನೂ ನಕ್ಕೆ. ಹೊತ್ತು ಮುಳುಗುವ ವೇಳೆ. ಎಕಂಬಾ ಊರಿನ ಹತ್ತಿರ ರಸ್ತೆ ಸ್ವಲ್ಪ ಇಳಿಜಾರು. ಒಂದು ಕುರಿಹಿಂಡು ರಸ್ತೆ ದಾಟುತ್ತಿತ್ತು. ಕುರಿಗಾಹಿ ರಸ್ತೆಯ ನಡುವೆ ನಿಂತು ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಎರಡು ಕೈಯಲ್ಲೂ ಬೀಸುತ್ತಿದ್ದ. ನಾನು ನೋಡಿದೆ. ಕಂಬಳಿ ನೋಡಿದೆ, ಅವನ ಬಾಯಿ ತೆರೆದು ಮುಚ್ಚುವುದನ್ನೂ ನೋಡಿದೆ. ಆದರೆ ನೋಡಿದ್ದು ಕಾಲಿಗೆ ತಲುಪುವಷ್ಟರಲ್ಲಿ ಬಸ್ಸು ಹಿಂಡಿನೊಳಗೆ ಹೋಗಿತ್ತು. ಅವನು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಹಾರಿದ. ಕುರಿಗಳಿಗೆ ಹಾರಲು ಜಾಗವಿರಲಿಲ್ಲ.

ಬಸ್ಸಿನೊಳಗೆ ಯಾರಿಗೂ ಏನೂ ಆಗಲಿಲ್ಲ. ಕೆಳಗಿಳಿದಾಗ ಕುರಿಗಾಹಿ ಒಂದು ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಹೆಂಡತಿ ಹಿಂದಿನಿಂದ ಮರಿಗಳನ್ನು ಹೊಡೆದುಕೊಂಡು ಬರುತ್ತಿದ್ದವಳು ಓಡಿ ಬಂದಳು. ಅವನು ನನ್ನನ್ನು ಬೈಯಲಿಲ್ಲ. “ಡ್ರೈವರ ಸಾಬ್, ಕಂಬಳಿ ಬೀಸಿದ್ನಲ್ರಿ,” ಎಂದು ಮಾತ್ರ ಹೇಳಿದ. ಅವಳು ನನ್ನ ಮುಖದ ಹತ್ತಿರಕ್ಕೆ ಬಂದು ಮೂಸಿದಂತೆ ಮಾಡಿ, ಹಿಂದೆ ಸರಿದು ನಿಂತಳು.

ಊರವರು ಬಸ್ಸನ್ನು ತಡೆದು ನಿಲ್ಲಿಸಿದರು. ಪ್ರಯಾಣಿಕರನ್ನು ಬೇರೆ ಬಸ್ಸಿಗೆ ಹತ್ತಿಸಿದ್ದಾಯಿತು. ಮರುದಿನ ಬೆಳಿಗ್ಗೆ ಚಾವಡಿಯ ಮುಂದೆ ಜನ ಸೇರಿದರು. ಡಿಪೋದಿಂದ ಒಬ್ಬ ಸಾಹೇಬರೂ ಬಂದು ಕುರ್ಚಿಯಲ್ಲಿ ಕೂತಿದ್ದರು. ಕುಡಿದು ಬಸ್ ಓಡಿಸಿದೆ ಎಂದು ಸಾಬೀತಾದರೆ ನನ್ನ ನೌಕರಿ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅಷ್ಟರಲ್ಲಿ ನಶೆ ಪೂರ್ತಿ ಇಳಿದಿತ್ತು. ಇದನ್ನು ಒತ್ತಿ ಹೇಳುತ್ತೇನೆ. ಕುರಿಗಳ ಮೇಲೆ ಬಸ್ ಹಾಯಿಸಿದವನು ಕುಡಿದ ಮನುಷ್ಯ. ಚಾವಡಿಯ ಮುಂದೆ ಮಾತನಾಡಿದವನು ಸ್ನಾನ ಮಾಡಿ, ತಲೆ ಬಾಚಿಕೊಂಡು, ಎಚ್ಚರದಲ್ಲಿದ್ದ ಮನುಷ್ಯ.

“ಏನಾತು ಹೇಳ್ರಿ, ಡ್ರೈವರ ಸಾಬ್,” ಎಂದರು ಊರಿನ ಹಿರಿಯರು.

“ಏನ್ ಹೇಳ್ಲಿರಿ. ಅಂವ ಕುಡದು ರೋಡಿನ ಬಾಜು ಬಿದ್ದಿದ್ದ. ಕುರಿ ತಾವೇ ಅಡ್ಡ ಬಂದ್ವು. ನಾ ಬ್ರೇಕ್ ಹೊಡದೆ, ಆಗ ಎದ್ದು ಕಂಬಳಿ ಬೀಸ್ದ.”

ಕುರಿಗಾಹಿ ಬಾಯಿ ತೆರೆದ, ಮಾತು ಬರಲಿಲ್ಲ. ಕುರಿಗಳೊಡನೆ ಮಾತನಾಡಿ ಅಭ್ಯಾಸ, ಜನರ ಮುಂದೆ ಅಲ್ಲ. ಅವನ ಹೆಂಡತಿ ಮನೆಗೆ ಹೋಗಿ ಮುಷ್ಟಿಯಲ್ಲಿ ಭಂಡಾರ ಹಿಡಿದುಕೊಂಡು ಬಂದಳು. ಭಂಡಾರವೆಂದರೆ ಮೈಲಾರ ದೇವರ ಅರಿಶಿನ. ಅದನ್ನು ಕೈಯಲ್ಲಿ ಹಿಡಿದು ಆಡಿದ ಮಾತನ್ನು ಕುರುಬರ ಮನೆಗಳಲ್ಲಿ ಯಾರೂ ಮುರಿಯುವುದಿಲ್ಲ.

“ನನ ಗಂಡ ಸೇಂದಿ ಮುಟ್ಟಿಲ್ಲರಿ,” ಎಂದಳು. “ಮೈಲಾರಲಿಂಗನ ಭಂಡಾರ ಹಿಡದು ಹೇಳ್ತೇನಿ. ಅಂವ ಮಲಗಿದ್ದಿಲ್ಲ. ವಾಸನಿ ಇದ್ದದ್ದು ಈ ಡ್ರೈವರನ ಬಾಯಾಗ. ಖರೆ ಇದ್ರ ಈಗ ಇಂವ ಹಿಡೀಲಿ ಭಂಡಾರ.”

ಕೈ ಚಾಚಿದಳು. ಜನರೆಲ್ಲ ನನ್ನ ಕೈ ನೋಡಿದರು. ನಾನು ಎರಡೂ ಕೈ ಮುಗಿದು ಹಿಂದೆ ಸರಿದೆ.

“ನಮ್ಮಲ್ಲಿ ಆಣಿ ಮಾಡಂಗಿಲ್ಲವ್ವ. ಆಣಿ ಮಾಡಬ್ಯಾಡ್ರಿ ಅಂತ ನಮ್ಮ ಯೇಸುಸ್ವಾಮಿ ಹೇಳ್ಯಾನ. ಕ್ರಿಸ್ತಾನರಿಗಿ ಮಾತೇ ಆಣಿ.”

ಆ ಬೆಳಿಗ್ಗೆ ನನಗೆ ಆ ವಾಕ್ಯ ಹೇಗೆ ಅಷ್ಟು ಸಲೀಸಾಗಿ ನಾಲಗೆಗೆ ಬಂತೋ! ಸಂಡೇ ಸ್ಕೂಲಿನಲ್ಲಿ ಕಲಿತದ್ದು. ಮನುಷ್ಯ ಸುಳ್ಳು ಹೇಳಬಾರದೆಂದು ಸ್ವಾಮಿ ಕೊಟ್ಟ ಆಜ್ಞೆಯನ್ನೇ ಸುಳ್ಳಿಗೆ ಹೊದಿಕೆ ಮಾಡಿದೆ. ಜನ ಒಪ್ಪಿದರು. ಯಾಕೆಂದರೆ ಆ ಕಡೆಯ ಊರುಗಳಲ್ಲಿ ನಮ್ಮವರಾದ ಒಬ್ಬ ನರ್ಸ್‌ಬಾಯಿ ಮಳೆ ಬಿಸಿಲು ನೋಡದೆ ಹೆರಿಗೆ ಮಾಡಿಸುತ್ತ ತಿರುಗಿದ್ದರು. ಕ್ರೈಸ್ತರೆಂದರೆ ಊರವರಿಗೆ ಆ ನರ್ಸ್‌ಬಾಯಿಯೇ. ಅವರು ಗಳಿಸಿಟ್ಟ ನಂಬಿಕೆಯನ್ನು ನಾನು ನನ್ನ ನೌಕರಿಗಾಗಿ ಬಳಸಿಕೊಂಡೆ.

“ಕ್ರಿಸ್ತಾನ ಮಂದಿ ಸುಳ್ಳು ಹೇಳಂಗಿಲ್ಲ ಬಿಡ್ರಿ,” ಎಂದರು ಹಿರಿಯರು.

“ಈಕಿ ಗಂಡನ ಸಲುವಾಗಿ ದೇವ್ರಿಗೇ ಟೋಪಿ ಹಾಕ್ಲತಾಳ,” ಎಂದ ಗುಂಪಿನಲ್ಲಿ ಒಬ್ಬ. ಕೆಲವರು ನಕ್ಕರು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ದೊಡ್ಡ ಮನುಷ್ಯನ ಹಾಗೆ ದನಿ ತಗ್ಗಿಸಿ, “ಪಾಪ, ಹೆಣ್ಮಗಳು. ಗಂಡನ್ನ ಉಳಸ್ಕೊಳ್ಳಾಕ ಹೇಳ್ಯಾಳ. ಆಕಿ ಮ್ಯಾಲ ಯಾರೂ ಸಿಟ್ಟಾಗಬ್ಯಾಡ್ರಿ,” ಎಂದೆ. ಅವಳ ಕೈ ಇನ್ನೂ ಚಾಚಿಯೇ ಇತ್ತು. ನಾನು ಕರುಣೆ ತೋರಿಸಿದ ಮೇಲೆಯೇ ಆ ಕೈ ಕೆಳಗಿಳಿಯಿತು.

ಕಂಡಕ್ಟರನನ್ನು ಕೇಳಿದಾಗ, ತಾನು ಹಿಂದೆ ಟಿಕೆಟ್ ಹರಿಯುತ್ತಿದ್ದೆ, ಏನೂ ಕಾಣಲಿಲ್ಲ ಎಂದ. ಬಸ್ ಬಿಟ್ಟುಕೊಟ್ಟರು. ಬೀದರ್ ಹತ್ತಿರ ಅಷ್ಟೂರದ ಗುಮ್ಮಟಗಳು ಕಾಣುವ ಹೊತ್ತಿಗೆ ಅವನು ನನ್ನ ಹಿಂದೆ ಬಂದು ನಿಂತ.

“ನಿಮ್ಮ ಖುದಾಗ ಸಬರ್ ಭಾರಿ ಅದ ಬಿಡ್ರಿ, ಮಾಮು,” ಎಂದ. “ಅವನ ಹೆಸರಿನ ಮ್ಯಾಲೇ ಝೂಟ್ ಹೇಳಿದ್ರಿ. ಇನ್ನಾ ಸ್ಟೇರಿಂಗ್ ಹಿಡೀಲಾಕ ಬಿಟ್ಟಾನ.”

“ನೀ ಭೀ ಸುಮ್ಮ ಇದ್ದಿ.”

“ಹೌದು. ನನ್ನ ಜವಾಬ್ ನಾ ಕೊಡ್ತೇನಿ. ನಿಮ್ಮದು ನೀವು ನೋಡ್ರಿ.”

ಅಂದು ಅವನ ಮಾತು ನನಗೆ ಕುಹಕವಾಗಿ ಕೇಳಿಸಿತ್ತು. ಈಗ ಯೋಚಿಸಿದರೆ, ದೇವರ ತಾಳ್ಮೆಯ ಬಗ್ಗೆ ನನಗೆ ಸರಿಯಾದ ಪಾಠ ಹೇಳಿದವರಲ್ಲಿ ಅವನೇ ಮೊದಲಿಗ. ಅವನು ತೀರಿಕೊಂಡು ಕೆಲವು ವರ್ಷಗಳಾದವು.

ಮುಂದೆ ನಾನು ಕುಡಿತ ಬಿಟ್ಟೆ. ಬೀದರಿನಲ್ಲಿ ನಡೆದ ಉಪವಾಸ ಪ್ರಾರ್ಥನಾಕೂಟವೊಂದರಲ್ಲಿ ಮೊಣಕಾಲೂರಿ ಅತ್ತೆ. ಅದು ನಾಟಕವಲ್ಲ. ದೇವರು ನನ್ನನ್ನು ಮುಟ್ಟಿದ್ದು ನಿಜ, ಆ ದಿನದಿಂದ ಒಂದು ಹನಿಯೂ ನಾನು ಬಾಯಿಗೆ ಹಾಕಿಲ್ಲ ಎಂಬುದೂ ನಿಜ. ಇದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ತಪ್ಪಾದದ್ದು ಆಮೇಲೆ. ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ಪದ್ಧತಿ ಇದೆ. ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಮನುಷ್ಯ ಎದ್ದು ನಿಂತು ಹೇಳಬೇಕು. ಒಳ್ಳೆಯ ಪದ್ಧತಿ. ನನಗೆ ಮಾತು ಚೆನ್ನಾಗಿ ಬರುತ್ತಿತ್ತು. ಕುಡಿದು ಬಸ್ ಓಡಿಸಿದೆ, ಕುರಿಹಿಂಡಿನೊಳಗೆ ನುಗ್ಗಿಸಿದೆ, ಬಸ್ಸಿನ ತುಂಬ ಜನ, ಒಬ್ಬರಿಗೂ ಗಾಯವಿಲ್ಲ. ಆ ಸಂಜೆಯೇ ನನ್ನನ್ನು ಕಿತ್ತೆಸೆಯಬಹುದಾಗಿದ್ದ ದೇವರು ನನಗಾಗಿ ಕಾದ ಎನ್ನುತ್ತಿದ್ದೆ. ಒಂದು ಮಾತೂ ಸುಳ್ಳಲ್ಲ. ಚಾವಡಿಯ ಸಂಗತಿಯೊಂದನ್ನು ಬಿಟ್ಟಿದ್ದೆ, ಅಷ್ಟೆ. ಕುಡಿತದ ಪಾಪ ಒಪ್ಪಿಕೊಂಡರೆ ಜನ ಮೆಚ್ಚುತ್ತಾರೆ, ಯಾಕೆಂದರೆ ಅದು ಹೋಗಿಬಿಟ್ಟ ಪಾಪ. ಚಾವಡಿಯ ಪಾಪ ಹೋಗಿರಲಿಲ್ಲ. ಅದು ಎಕಂಬಾದಲ್ಲಿ ಒಂದು ಮನೆಯಲ್ಲಿ ಕೂತಿತ್ತು.

ಆಮೇಲೆ ರಿಟೈರ್ ಆದೆ, ಸಭೆಯ ಹಿರಿಯನೂ ಆದೆ. ಮಾನಸಾಂತರದ, ಎಂದರೆ ಪಶ್ಚಾತ್ತಾಪದ, ಬಗ್ಗೆ ಇತರರಿಗೆ ಬುದ್ಧಿ ಹೇಳತೊಡಗಿದೆ. ಹೀಗೆಯೇ ಔರಾದಿನಲ್ಲಿ ಒಂದು ಮನೆಪ್ರಾರ್ಥನೆಗೆ ಹೋಗಿದ್ದಾಗ ಪಕ್ಕದ ಮನೆಯ ಮುದುಕಿಯೊಬ್ಬಳು ಬಂದು ಬಾಗಿಲ ಹತ್ತಿರ ಕೂತಳು. ನಮ್ಮವಳಲ್ಲ. ಮೊಣಕಾಲು ನೋವಿಗೆ ಪ್ರಾರ್ಥನೆ ಮಾಡಿಸಿಕೊಳ್ಳಲು ಬಂದಿದ್ದಳು. ನಾನು ಸಾಕ್ಷಿ ಹೇಳಿ ಮುಗಿಸಿದೆ. ಎಲ್ಲರೂ ಸ್ತೋತ್ರ ಎಂದರು. ಅವಳು ಕೇಳಿದಳು:

“ತಮ್ಮಾ, ಕುರಿ ಯಾರವಿದ್ವು?”

“ಗೊತ್ತಿಲ್ಲವ್ವ,” ಎಂದೆ.

“ಗೊತ್ತಿಲ್ಲಂದ್ರ ಹ್ಯಾಂಗೋ? ಅಷ್ಟು ಕುರಿ ಕೊಂದಿ, ಯಾರವು ಅಂತ ಕೇಳ್ಲಿಲ್ಲ? ನಿನ್ನ ದೇವ್ರು ನಿನ್ನ ಉಳಿಸಿದ, ಛಲೋ ಆತು. ಕುರಿಯವಂದು ಏನಾತು?”

ಮನೆಯಾಕೆ ನಕ್ಕು, “ಈ ಮುದುಕಿ ಎಲ್ಲದಕೂ ತಕರಾರ ತೆಗಿತಾಳ್ರಿ. ಏ ಆಯಿ, ಚಾ ಕುಡಿ ಸುಮ್ಮ,” ಎಂದಳು. ಮುದುಕಿ ಚಹಾ ಕುಡಿದಳು, ಆದರೆ ನನ್ನ ಮೇಲಿನ ಕಣ್ಣು ತೆಗೆಯಲಿಲ್ಲ. ನಾನು ಅವಳ ಮೊಣಕಾಲಿಗೆ ಪ್ರಾರ್ಥನೆ ಮಾಡಬೇಕಿತ್ತು. ಅದನ್ನು ಮನೆಯಾಕೆಗೆ ಒಪ್ಪಿಸಿ ಎದ್ದೆ. ದೇವರ ಮನೆಯವನೆಂದು ಕರೆಸಿಕೊಂಡು ಕೂತ ಕಡೆಯಲ್ಲೇ ‘ಗೊತ್ತಿಲ್ಲ’ ಎಂದು ಮತ್ತೊಂದು ಸುಳ್ಳು ಹೇಳಿದ್ದೆ.

ಬೀದರಿಗೆ ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ದೂರದ ಹೊಲದಿಂದ ಯಾರೋ ಗಂಟು ಹೊತ್ತು ಓಡಿ ಬರುತ್ತಿದ್ದರು. ಡ್ರೈವರ್ ಬಸ್ ನಿಲ್ಲಿಸಿ ಕಾದ. ನಾನೂ ನನ್ನ ಕಾಲದಲ್ಲಿ ಹಾಗೆ ಕಾದಿದ್ದೇನೆ. ಓಡಿ ಬರುವವರಿಗಾಗಿ ಯಾವ ಡ್ರೈವರನಾದರೂ ಕಾಯುತ್ತಾನೆ. ಆದರೆ ಬಸ್ ನಿಂತಿದೆಯಲ್ಲ ಎಂದು ಗಂಟು ಇಳಿಸಿ ಮರದ ನೆರಳಲ್ಲಿ ಕೂತುಬಿಟ್ಟರೆ? ದೇವರು ನನಗಾಗಿ ಕಾದಿದ್ದಾನೆ ಎಂದು ಊರೂರಲ್ಲಿ ಹೇಳಿಕೊಂಡು ತಿರುಗಿದವನು ನಾನು. ಯಾಕೆ ಕಾದಿದ್ದಾನೆ ಎಂದು ಕೇಳಿಕೊಂಡಿರಲಿಲ್ಲ. ನಾನು ಎದ್ದು ಬರಲಿ ಎಂದು ಕಾದಿದ್ದ. ನಾನು ಆ ಕಾಯುವಿಕೆಯನ್ನೇ ಬಿಡುಗಡೆ ಎಂದು ತಿಳಿದೆ.

ಮುಂದಿನ ವಾರ ಎಕಂಬಾಕ್ಕೆ ಹೋದೆ. ಕುರಿಗಾಹಿ ಮನೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ಮುಪ್ಪಾಗಿದ್ದ, ಆದರೆ ನನ್ನ ಗುರುತು ಹಿಡಿದ.

“ಬರ್ರಿ ಡ್ರೈವರ ಸಾಬ್. ಬಸ್ಸ ಭಾಳ ತಡಾ ಮಾಡಿ ಬಂತು,” ಎಂದ.

ನಾನು ನೆಲದ ಮೇಲೇ ಕೂತೆ. ಎಲ್ಲವನ್ನೂ ಹೇಳಿದೆ. ಕಂಬಳಿ ನೋಡಿದ್ದು, ಸೇಂದಿ, ಚಾವಡಿಯ ಸುಳ್ಳು. ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ಇದು ನನಗ ಗೊತ್ತೇ ಇತ್ತು, ನಿಮಗೂ ಗೊತ್ತಿತ್ತು. ಹೊಸಾದೇನು ಹೇಳ್ಲಾಕ ಬಂದೀರಿ?”

“ಮಾಫಿ ಕೇಳ್ಲಾಕ ಬಂದೇನಿ, ಅಣ್ಣಾ.”

ಅವನು ಹಗ್ಗದ ಎಳೆ ಬಿಗಿದು ಹೇಳಿದ: “ಮೊದಲು ಮಂದಿ ನಮ್ಮ ಕುರಿ ತಮ್ಮ ಹೊಲದಾಗ ಕೂಡಸ್ರಿ ಅಂತ ಮನಿ ತನ ಬರ್ತಿದ್ರು. ಕುರಿ ಒಂದ್ ರಾತ್ರಿ ಕೂತ್ರ ಹೊಲಕ್ಕ ಗೊಬ್ಬರ ಆತದಲ್ರಿ. ನಿಮ್ಮ ಮಾತಿನ ಮ್ಯಾಲ ಬರೋದು ಬಿಟ್ರು. ಕುಡುಕನ ಕುರಿ ಬಾಜು ಹೊಲಾ ಮೇಯ್ತಾವ ಅಂದ್ರು. ಒಂದೀಟು ವರ್ಷ ದೂರ ದೂರ ತಿರುಗಿದೆ. ಆಮ್ಯಾಲ ಮಂದಿ ಮರತ್ರು, ನಾನೂ ಮರತೆ. ನಂದು ನಾ ಬಿಟ್ಟೇನ್ರಿ. ಹೋಗ್ರಿ, ಮಾಫ.”

ನನ್ನ ಕಣ್ಣಲ್ಲಿ ನೀರು ಬಂತು. ಅವನ ಕೈ ಹಿಡಿಯಲು ಹೋದೆ. ಅವನು ಹಗ್ಗವನ್ನು ಪಕ್ಕಕ್ಕಿಟ್ಟ.

“ಆದ್ರ ಆಕಿದು ನಾ ಹ್ಯಾಂಗ ಬಿಡ್ಲಿ?” ಎಂದ. “ಐತವಾರ ಐತವಾರ ನಮ್ಮ ಓಣಿ ಹೆಣ್ಮಕ್ಕಳಿಗೆಲ್ಲ ಆಕೀನೇ ಭಂಡಾರ ಹಚ್ತಿದ್ಳು. ಅವರವ್ವನ ಕಾಲದಿಂದ ಬಂದದ್ದು. ಸುಳ್ಳ ಆಣಿ ಮಾಡಿದ ಕೈ ಅಂತ ಯಾರೂ ಹಣಿ ಕೊಡ್ಲಿಲ್ಲ. ‘ಬಿಡವ್ವ, ನಾವೇ ಹಚ್ಕೋತೇವಿ’ ಅಂದ್ರು. ಕುಡುಕ ಅಂದದ್ದು ಮಂದಿ ಮರೀತಾರ್ರಿ, ಡ್ರೈವರ ಸಾಬ್. ದೇವರ ಮುಂದ ಸುಳ್ಳ ಹೇಳ್ಯಾಳ ಅಂದದ್ದು ಮರ್ಯಂಗಿಲ್ಲ. ಆಕಿ ಇವತ್ತಿಗೂ ಗುಡಿಗಿ ಹೋದ್ರ ಹಿಂದ ನಿಂದರ್ತಾಳ.”

ಅವಳು ಅಲ್ಲೇ ಇದ್ದಳು. ಅಂಗಳದ ಆಚೆ ಬದಿಯಲ್ಲಿ ಹಿಕ್ಕೆ ಗುಡಿಸುತ್ತಿದ್ದಳು. ನಾವು ಆಡಿದ್ದೆಲ್ಲ ಕೇಳಿಸುವಷ್ಟು ಹತ್ತಿರ. ಕಸಬರಿಗೆಯ ಸದ್ದು ಒಮ್ಮೆಯೂ ನಿಲ್ಲಲಿಲ್ಲ. ನಾನು ಎದ್ದು ಅವಳ ಕಡೆ ಕೆಲವು ಹೆಜ್ಜೆ ಇಟ್ಟೆ. ಅವಳು ತಲೆ ಎತ್ತಿ ನೋಡಿದಳು. ಚಾವಡಿಯ ಮುಂದೆ ಭಂಡಾರದ ಕೈ ಚಾಚಿದಾಗ ನನ್ನನ್ನು ನೋಡಿದ್ದ ಅದೇ ನೋಟ. ನನ್ನ ಬಾಯಿಂದ ಹೊರಟದ್ದು, “ಬರ್ತೇನಿ ಅಕ್ಕಾ.”

“ಹೂಂ, ಹೋಗ್ರಿ,” ಎಂದಳು. “ಬಸ್ಸು ತಪ್ಪೀತು.”

ನಾನು ಹೋದೆ.

ಅದಕ್ಕಿಂತ ನಾಚಿಕೆಯದು ಮುಂದೆ ನಡೆದದ್ದು. ಆ ಭಾನುವಾರ ಬೀದರಿನ ನಮ್ಮ ಸಭೆಯಲ್ಲಿ ಎದ್ದು ನಿಂತು ಚಾವಡಿಯ ಸುಳ್ಳನ್ನೂ ಹೇಳಿದೆ, ಕುರಿಗಾಹಿ ಕ್ಷಮಿಸಿದ್ದನ್ನೂ ಹೇಳಿದೆ. ಹಿಂದೆಂದೂ ಇಲ್ಲದಷ್ಟು ಜನ ಅತ್ತರು. ಕೈ ಕುಲುಕಲು ಸಾಲು ನಿಂತರು. ಎಕಂಬಾದಿಂದ ಬಂದ ದಿನವೇ ಭಂಡಾರದ ಸಂಗತಿಯನ್ನು ನನ್ನಿಂದ ತಿಳಿದಿದ್ದ ನನ್ನ ಹೆಂಡತಿ ಮನೆಗೆ ನಡೆದು ಬರುವಾಗ ಕೇಳಿದಳು:

“ಆ ಹೆಣ್ಮಗಳಿಗಿ ಏನಂದ್ರಿ?”

“ಆಕಿ ಗಂಡ ಮಾಫ ಮಾಡ್ಯಾನಲ್ಲ.”

“ಗಂಡ ಉಂಡ್ರ ಹೆಂಡ್ತಿ ಹೊಟ್ಟಿ ತುಂಬ್ತದೇನ್ರಿ?” ಎಂದಳು. “ಇಡೀ ಬೀದರಿಗಿ ಹೇಳಿದ್ರಿ. ಆಕಿ ಮುಂದ ಒಂದ್ ಮಾತು ಆಡ್ಲಾಕ ಏನಾಗಿತ್ತು ನಿಮಗ?”

ಏನಾಗಿತ್ತೆಂದು ಆಗ ಹೇಳಲಿಲ್ಲ, ಈಗ ಹೇಳುತ್ತೇನೆ. ದೇವರು ಕ್ಷಮಿಸುತ್ತಾನೆಂಬ ಭರವಸೆ ನನಗಿತ್ತು. ಅವಳು ಕ್ಷಮಿಸುತ್ತಾಳೆಂಬ ಭರವಸೆ ಇರಲಿಲ್ಲ. ಹಾಗಾಗಿ ಖಚಿತವಾಗಿ ಸಿಗುವ ಕಡೆಯಲ್ಲೇ ಮತ್ತೆ ಮತ್ತೆ ಕೇಳುತ್ತಿದ್ದೆ. ಅವಳ ಕೈ ಚಾಚಿದ್ದಾಗ ಹಿಂದೆ ಸರಿದವನು, ಇಷ್ಟು ವರ್ಷವೂ ಹಿಂದೆ ಸರಿಯುತ್ತಲೇ ಇದ್ದೆ. ಅವಳ ದೇವರ ವಾರವೂ ಭಾನುವಾರ, ನಮ್ಮ ಆರಾಧನೆಯೂ ಭಾನುವಾರ. ಅಷ್ಟೂ ಭಾನುವಾರಗಳಲ್ಲಿ ನಾನು ಮುಂದೆ ನಿಂತು ಸಾಕ್ಷಿ ಹೇಳುತ್ತಿದ್ದೆ, ಅವಳು ನನ್ನ ಮಾತಿನಿಂದಾಗಿ ಹಿಂದೆ ನಿಲ್ಲುತ್ತಿದ್ದಳು.

ಮಾನಸಾಂತರವೆಂದರೆ ಅಳುವುದು ಎಂದುಕೊಂಡಿದ್ದೆ. ಅಳುವುದು ಸುಲಭ, ನನಗೆ ಬೇಗ ಅಳು ಬರುತ್ತದೆ. ಮಾನಸಾಂತರವೆಂದರೆ ತಿರುಗಿ ನಡೆಯುವುದು. ಎಲ್ಲಿ ದಾರಿ ತಪ್ಪಿತೋ ಅಲ್ಲಿಯವರೆಗೆ. ನನ್ನ ದಾರಿ ತಪ್ಪಿದ್ದು ಬೀದರಿನ ಚರ್ಚಿನಲ್ಲಲ್ಲ. ಅವಳನ್ನು ಸುಳ್ಳುಗಾತಿ ಮಾಡಿದ್ದು ಊರ ಜನರ ಮುಂದೆ, ಆದ್ದರಿಂದ ಅಂಗಳದ ಮೂಲೆಯಲ್ಲಿ ಮೆಲ್ಲಗೆ ಕ್ಷಮೆ ಕೇಳಿ ಬಂದರೂ ಸಾಲದು. ಅಂದಿನ ಹಿರಿಯರು ಈಗಿಲ್ಲ. ಈಗಿರುವ ಹಿರಿಯರಿಗೆ ಫೋನ್ ಮಾಡಿದ್ದೇನೆ. ಬರುವ ಭಾನುವಾರ ಚಾವಡಿಯ ಮುಂದೆ ಜನರನ್ನು ಕರೆಯಿರಿ ಎಂದಿದ್ದೇನೆ. ಆ ದಿನ ನಮ್ಮ ಚರ್ಚಿಗೆ ನಾನು ಹೋಗುವುದಿಲ್ಲ. ದೇವರು ಇದನ್ನು ತಪ್ಪೆಂದು ಎಣಿಸುವುದಿಲ್ಲ ಎಂಬುದು ನನಗೆ ಗೊತ್ತು. ಅವಳು ಬರಬಹುದು, ಬಾರದಿರಬಹುದು. ಕ್ಷಮಿಸಬಹುದು, ಮುಖ ತಿರುಗಿಸಬಹುದು. ಅದು ಅವಳ ಹಕ್ಕು. ನನ್ನ ಕೆಲಸ ಹೇಳುವುದು. ದೇವರು ಇಷ್ಟು ಕಾಲ ಕಾದದ್ದು ನಾನು ಸುಖವಾಗಿ ಮುದುಕನಾಗಲಿ ಎಂದಲ್ಲ, ಈ ಭಾನುವಾರಕ್ಕಾಗಿ. ಈ ಮಾತನ್ನು ನಾನು ಧೈರ್ಯವಾಗಿ ಹೇಳಬಲ್ಲೆ.

ಅಲ್ಲಿಗೆ ಹೋಗುವ ಮೊದಲು ಇಲ್ಲಿ ಬರೆದಿಡುತ್ತೇನೆ, ಆಮೇಲೆ ನಾನೇ ಮಾತು ಬದಲಿಸಲು ಬರಬಾರದೆಂದು. ಭಂಡಾರ ಹಿಡಿದು ಆಡಿದ ಮಾತು ಅಕ್ಷರಶಃ ನಿಜ. ವಾಸನೆ ನನ್ನ ಬಾಯಲ್ಲಿತ್ತು. ಆ ಮಾತು ಆಡಿದವಳ ಮುಂದೆ ನಾನು ಇಂದಿನವರೆಗೂ ತಪ್ಪಾಯಿತು ಎಂದಿಲ್ಲ. ಅವಳು ಎಕಂಬಾದ ಕುರಿಗಾಹಿಯ ಹೆಂಡತಿ.